ಕೊಂಬಿಗೆ ಕೆಂಪು ಬಳಿದ ವಿಮಾನ

ಶ್ರೀರಾಂಪುರದಲ್ಲಿ ಬಸ್ಸು ಟೀಗೆ ನಿಂತಿತು. ಹೋಟೆಲಿನ ಗೋಡೆಯ ಮೇಲೆ ಯುದ್ಧವಿಮಾನಗಳ ಆರು ಮೂತಿಗಳನ್ನು ಸಾಲಾಗಿ ಬರೆದಿದ್ದರು. ಪ್ರತಿ ಮೂತಿಯ ಮೇಲೂ ಒಂದು ಟಗರಿನ ತಲೆ. ಒಲೆಯ ಹೊಗೆಗೆ ಎಲ್ಲವೂ ಮಾಸಿದ್ದವು. ಕೊನೆಯ ಟಗರಿನ ಕೊಂಬಿಗೆ ಮಾತ್ರ ಹೊಸದಾಗಿ ಕೆಂಪು ಬಳಿದಿತ್ತು.

ಹೋಟೆಲಿನ ಯಜಮಾನರು ವಾಯುಪಡೆಯಲ್ಲಿ ವಿಮಾನಗಳಿಗೆ ಬಣ್ಣ ಹಚ್ಚುತ್ತಿದ್ದವರು. “ಟಗರು ನಮ್ ಸ್ಕ್ವಾಡ್ರನ್ ಗುರುತು ಕಣ್ರಿ. ಕುರಿ ಸಾಕೋರ ಮನೆಯವ್ನು ಅಂತ ಬರೆಯೋ ಕೆಲ್ಸ ನಂಗೇ ಕೊಟ್ರು” ಎಂದರು.

ಕೆಂಪು ಯಾಕೆಂದು ಕೇಳಿದೆ.

“ಆ ವಿಮಾನ ಸಮುದ್ರದ ಕಡೆ ಹೋಗಿದ್ದು ತಿರುಗಿ ಬರ್ಲಿಲ್ಲ. ಒಳಗಿದ್ದ ಸಾಹೇಬ್ರೂ ಸಿಗ್ಲಿಲ್ಲ, ಒಂದು ತಗಡೂ ಸಿಗ್ಲಿಲ್ಲ. ಉಣ್ಣೆ ಕತ್ತರಿಸಿದ್ ಮೇಲೆ ಕುರಿಗೆ ಮತ್ತೆ ಬಣ್ಣದ ಗುರುತು ಹಾಕ್ತೀವಲ್ರಿ, ಅವತ್ತೇ ಇದಕ್ಕೂ ಹಚ್ತೀನಿ. ಗುರುತಿದ್ರೆ, ತಪ್ಪಿಸ್ಕಂಡಿದ್ದನ್ನ ಕಂಡೋರು ಮನೆಗೆ ಹೊಡ್ಕಂಡ್ ಬರ್ತಾರೆ.”

ವಿಮಾನವನ್ನು ಯಾರು ಹೊಡೆದುಕೊಂಡು ಬರುತ್ತಾರೆ ಎಂದು ಕೇಳಿಬಿಡುವ ಬಾಯಿ ನನ್ನದು. ಪುಣ್ಯಕ್ಕೆ ಅದರಲ್ಲಿ ಬಿಸಿ ಟೀ ಇತ್ತು.

ಅಷ್ಟರಲ್ಲಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಒಳಗೆ ಬಂದ. ಕೂರುವ ಮೊದಲು ಗೋಡೆಯತ್ತ ನೋಡಿದ. ಮುಖದಲ್ಲಿ ನಗುವಿರಲಿಲ್ಲ.

“ಸಿಕ್ತೇನಣ್ಣ?”

“ಇಲ್ಲಪ್ಪ.”

“ಹಿರಿಯೂರು ಮಟ ಮೇಯಿಸ್ಕಂಡ್ ಬಂದೆ, ನಂಗೂ ಎಲ್ಲೂ ಕಾಣ್ಲಿಲ್ಲ” ಎಂದು ಕಂಬಳಿ ಮಡಚಿ ಬೆಂಚಿನ ಮೇಲಿಟ್ಟ.

ಯಜಮಾನರು ಅವನ ಲೋಟಕ್ಕೆ ಟೀ ಬಗ್ಗಿಸಿದರು.