ಒದ್ದೆ ಹೆಜ್ಜೆಯ ಅಳತೆ

ಆ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ನಾವು ನಾಲ್ವರು ಹೆಂಗಸರಿದ್ದೆವು. ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಒಡೆದ ಹಿಮ್ಮಡಿಗೆ ತುಪ್ಪ ತಿಕ್ಕಿಕೊಳ್ಳುತ್ತಿದ್ದವರು ನನ್ನ ಅತ್ತೆ. ಅವರ ಪಕ್ಕದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದವಳು ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಗೋಡೆಯಾಚೆಯ ಮನೆಯ ಕಾಕು ಸಕ್ಕರೆ ಕೇಳಲು ಬಂದವರು, ಸಕ್ಕರೆ ಕೈಗೆ ಬಂದ ಮೇಲೂ ಏಳದೆ ಕುಳಿತಿದ್ದರು. ನಾಲ್ಕನೆಯವಳು ನಾನು. ಕಲ್ಲು ಜೋಡಿಸಿ ಒಲೆ ಹೂಡಿ, ಹಳೆಯ ಪಾತ್ರೆಯೊಂದರಲ್ಲಿ ಉಳ್ಳಾಗಡ್ಡಿ ಸಿಪ್ಪೆ ಕುದಿಸುತ್ತಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿಯ ದೇಶಪಾಂಡೆ ನಗರದ ಆ ಮನೆಗೆ ನಾನು ಧಾರವಾಡದಿಂದ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹತ್ತಿ ವ್ಯಾಪಾರದ ಮನೆತನ. ಅತ್ತೆ ಹತ್ತಿಯ ಒಂದು ಎಳೆಯನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಮಾಲು ಮಳೆಗೆ ಸಿಕ್ಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರಂತೆ. ಮನುಷ್ಯರನ್ನೂ ಅವರು ಹಾಗೆಯೇ ಎಳೆದು ನೋಡುತ್ತಿದ್ದರು. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚು ಹಾಕಿದ್ದಾನೆ ಎಂದು ಲೆಕ್ಕ. ಇನ್ನು ನಾನು ಹೊಸಬಳು, ಅದರಲ್ಲೂ ಮಾತು ಜಾಸ್ತಿ.

"ಅದೇನದು ಕುದಸಾಕತ್ತೀ?" ಎಂದರು ಅತ್ತೆ.

"ಬಣ್ಣ ರೀ ಅತ್ಯಾರ. ಉಲ್ಲನ್‌ಗೆ ಹಾಕಾಕ."

"ಸಿಪ್ಪೀಲೆ ಬಣ್ಣಾ?"

"ಹೌದ್ರಿ. ಇದರಾಗ ಕೇಸರಿ ಬರತೈತಿ. ಚೆಂಡ ಹೂವಿಲೆ ಹಳದಿ ಬರತೈತಿ."

ಕಾಕು ಕತ್ತು ಉದ್ದ ಮಾಡಿ ನನ್ನ ಬುಟ್ಟಿಯೊಳಗೆ ನೋಡಿದರು. "ಯಕ್ಕಾ, ಇಲ್ಲಿ ನೋಡ. ಬಾಡಿದ ಹೂವು, ಲಿಂಬಿಹಣ್ಣು, ಅರಿಷಿಣ, ಪಟಿಕ. ಇದು ಅಡಗಿ ಮಾಡೂ ಸಾಮಾನಂತೂ ಅಲ್ಲ ಬಿಡ."

"ಒಂದ ಕರೀ ಕೋಳಿ ಕಡಿಮಿ ಬಿದ್ದೈತಿ ನೋಡ್ರಿ ಕಾಕು," ಎಂದು ನೆಗೆಣ್ಣಿ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ತುಪ್ಪದ ಬಟ್ಟಲನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

ಆ ಉಲ್ಲನ್ ಅವರಿಗಾಗಿಯೇ ತಂದದ್ದು. ಚಳಿಗಾಲ ಬಂತೆಂದರೆ ಅವರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ನಸುಕಿನಲ್ಲಿ ಸ್ನಾನ ಮಾಡಿ, ತಣ್ಣಗೆ ಕೊರೆಯುವ ಶಹಾಬಾದ್ ಕಲ್ಲಿನ ಮೇಲೆ ಕುಂಟುತ್ತ ಪೂಜೆಯ ಕೋಣೆಗೆ ಹೋಗುತ್ತಿದ್ದರು. ದುರ್ಗದಬೈಲಿನ ಪೇಟೆಯಿಂದ ಮಗ ತಂದುಕೊಟ್ಟ ಕಾಲುಚೀಲದ ರಬ್ಬರು ಮೀನಖಂಡಕ್ಕೆ ಕಚ್ಚುತ್ತಿತ್ತು. ಹಿಮ್ಮಡಿಯ ಹತ್ತಿರ ಮಾತ್ರ ಜೋಲು ಬಿದ್ದು, ಅದರ ಸುಕ್ಕು ಒಡಕಿನೊಳಗೆ ಒತ್ತುತ್ತಿತ್ತು. ಅವರು ಅದನ್ನು ಬಿಚ್ಚಿ ಎಸೆದದ್ದನ್ನು ನಾನು ನೋಡಿದ್ದೆ. ನನ್ನ ಅವ್ವ ಸೈಕಲ್ ಚಕ್ರದ ಕಡ್ಡಿಗಳನ್ನು ಅರದಿಂದ ತಿಕ್ಕಿಸಿ ಹೆಣಿಗೆ ಕಡ್ಡಿ ಮಾಡಿಸಿಕೊಂಡವಳು. ಕಾಲುಚೀಲ ಹೆಣೆಯುವುದನ್ನು ನನಗೂ ಕಲಿಸಿದ್ದಳು. ಸ್ವೆಟರು ಒಂದಿಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಕಾಲುಚೀಲಕ್ಕೆ ಅಳತೆಯೇ ಜೀವ ಎನ್ನುವವಳು ಅವಳು. ಅದಕ್ಕೇ ಬಣ್ಣ ಹಾಕಿ ಒಣಗಿಸಿದ ಮೇಲೆ ಒಮ್ಮೆ ಅತ್ತೆಯನ್ನು ಕೇಳಿದೆ: "ಒಂದೀಟ ಕಾಲ ಕೊಡ್ರಿ, ದಾರ ಹಿಡದ ನೋಡತೀನಿ." ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಎದ್ದು ಹೋದರು. ನಾಚಿಕೆ ಇರಬೇಕು ಎಂದುಕೊಂಡೆ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಅವರು ಬಚ್ಚಲಿನಿಂದ ಬರುವಾಗ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಕಪ್ಪಗೆ ಮೂಡುತ್ತಿದ್ದವು. ಒಂದು ಬೆಳಿಗ್ಗೆ, ಅವರು ಪೂಜೆಯ ಕೋಣೆಗೆ ಹೋದದ್ದನ್ನು ನೋಡಿ, ಬಗ್ಗಿ ಕುಳಿತು, ಒಂದು ಹೆಜ್ಜೆಯ ಮೇಲೆ ಬಿಳಿ ದಾರ ಹಿಡಿದೆ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಬಂದಾಗ ಗಂಟು ಹಾಕಿದೆ. ತಲೆ ಎತ್ತಿದರೆ ಎದುರಿಗೆ ಅತ್ತೆ ನಿಂತಿದ್ದರು.

"ಏನ ಮಾಡಾಕತ್ತೀ?"

ಹೆಣೆದು ಮುಗಿಸಿಯೇ ತೋರಿಸಬೇಕು ಎಂದುಕೊಂಡಿದ್ದೆ. "ಏನಿಲ್ರಿ," ಎಂದು ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಹಾಗೆ ಮುಚ್ಚಿಕೊಂಡದ್ದೇ ಕೆಟ್ಟದ್ದಾಯಿತು.

ಅಂದಿನಿಂದ ಅವರು ನನ್ನ ಕೈಯ ಊಟ ಬಿಟ್ಟರು. ನಾನು ರೊಟ್ಟಿ ಬಡಿದರೆ ಹಸಿವಿಲ್ಲ ಎನ್ನುವರು. ನೆಗೆಣ್ಣಿ ಒಲೆಯ ಮುಂದೆ ಕುಳಿತರೆ ಹಸಿವು ತಾನಾಗಿ ಬರುವುದು. ನಾನು ಕೊಟ್ಟ ಚಹಾ ತುಳಸಿ ಗಿಡದ ಬುಡಕ್ಕೆ ಹೋಗುತ್ತಿತ್ತು. ನನ್ನ ಹೆಣಿಗೆಯ ಚೀಲದಲ್ಲಿದ್ದ ಗಂಟಿನ ದಾರವೂ ಕಾಣೆಯಾಯಿತು. ಕಾಕು ಬಂದಾಗಲೆಲ್ಲ ಪಿಸುಮಾತು; ನಾನು ಹತ್ತಿರ ಹೋದರೆ ಇಬ್ಬರೂ ಮೆಣಸಿನಕಾಯಿ ಧಾರಣೆಯ ಮಾತು ಎತ್ತುತ್ತಿದ್ದರು. ನನಗೂ ಎಲ್ಲರ ಮೇಲೆ ಗುಮಾನಿ ಹುಟ್ಟಿತು. ನೆಗೆಣ್ಣಿಯೇ ಏನೋ ಚಾಡಿ ಹೇಳಿರಬೇಕು. ದಾರ ಕದ್ದವಳೂ ಅವಳೇ. ಅವಳು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ.

ಒಂದು ಸಂಜೆ ಅತ್ತೆ ನನ್ನ ಗಂಡನಿಗೆ ಹೇಳುತ್ತಿದ್ದದ್ದು ನಡುಮನೆಯ ಬಾಗಿಲಾಚೆಯಿಂದ ಕೇಳಿಸಿತು. "ಈಕೀನ್ನ ತವರಮನಿಗೆ ಬಿಟ್ಟ ಬಾ. ನಾ ಇರೂತನಕ ವಾಪಸ್ ಕರಕೊಂಡ ಬರಬ್ಯಾಡ."

"ಏನಾತವಾ?"

"ಏನೂ ಆಗೂದಕ್ಕಿಂತ ಮೊದಲ ಬಿಟ್ಟ ಬಾ."

"ಆತು ಬಿಡ, ಸಂಕ್ರಾಂತಿ ಮುಗೀಲಿ," ಎಂದ ನನ್ನ ಗಂಡ. ಯಾವ ಜಗಳವನ್ನಾದರೂ ಒಂದು ಹಬ್ಬದಾಚೆ ತಳ್ಳುವುದು ಆತನ ರೀತಿ.

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೆಗೆಣ್ಣಿಯನ್ನು ಹಿಡಿದೆ. "ಅಕ್ಕಾರ, ಖರೇ ಹೇಳ್ರಿ. ನನ್ನ ಮ್ಯಾಲ ಅತ್ಯಾರ ಕಿವಿ ಊದಿದವ್ರು ನೀವ ಹೌದಲ್ರಿ?"

ಅವಳು ಹಿಂಡುತ್ತಿದ್ದ ಧೋತರವನ್ನು ಕೈಬಿಟ್ಟಳು. "ಅಯ್ಯ ಹುಚ್ಚೀ! ಅವರ ಹೆಜ್ಜಿಗೆ ದಾರ ಹಿಡದಿಯಂತಲ್ಲ, ಮತ್ತ ನನ್ನ ಕೇಳತಿ? ನಿನಗ ಖರೇನ ಗೊತ್ತಿಲ್ಲೇನ?"

"ಏನ್ರಿ ಅದು?"

"ನಮ್ಮೊಳಗ ಸತ್ತವರ ಕುಣೀ ಅವರ ಪಾದದ ಅಳತೀಲೆ ತೋಡತಾರ, ಇಷ್ಟ ಪಾದ ಉದ್ದ, ಇಷ್ಟ ಪಾದ ಅಗಲ ಅಂತ. ಮಾವನವ್ರು ಹೋದಾಗ ಗಂಡಸರು ಒಳಗ ಬಂದು ದಾರ ಕೇಳಿದ್ರು. ಅತ್ಯಾರ ತಮ್ಮ ಕೈಲೇನ ಕೊಟ್ರು. ಹಿಮ್ಮಡದಿಂದ ಹೆಬ್ಬಟ್ಟಿನ ತನಕ ಹಿಡದು ಗಂಟ ಹಾಕಿದ್ದನ್ನ ಅಲ್ಲೇ ನಿಂತ ನೋಡಿದ್ರು."

ನಮ್ಮ ಕಡೆ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ನನ್ನ ತವರಿನಲ್ಲಿ ತಿಳಿವಳಿಕೆ ಬಂದ ಮೇಲೆ ನಾನು ಸಾವನ್ನೇ ಕಂಡಿರಲಿಲ್ಲ. ಕುಣಿಯನ್ನು ಯಾವ ಅಳತೆಯಿಂದ ತೋಡುತ್ತಾರೆಂದು ನನಗೆ ಹೇಳಿದವರು ಯಾರು?

ಅದೇ ಮಧ್ಯಾಹ್ನ ಕಡ್ಡಿ, ಉಲ್ಲನ್, ಬುಟ್ಟಿ ಎಲ್ಲವನ್ನೂ ತಂದು ಅತ್ತೆಯ ಮುಂದೆ ಸುರುವಿದೆ. "ಅತ್ಯಾರ, ನಾ ಅಳತೀ ಯಾಕ ತಗೊಂಡೆ ಅಂತ ಒಮ್ಮೆರ ಕೇಳ್ರಿ."

"ಕೇಳೂದೇನೈತಿ? ನನ್ನ ಕುಣೀ ಎಷ್ಟ ಉದ್ದ ಆಗತೈತಿ ಅಂತ ನೋಡೀದಿ."

"ನಿಮಗ ಕಾಲಚೀಲ ಹೆಣ್ಯಾಕ್ರಿ. ಕುಣೀ ಅಳತೀ ಸುದ್ದಿ ನನಗ ಇವತ್ತ ಗೊತ್ತಾತು. ಆ ದಾರ ಎಲ್ಲೈತ್ರಿ?"

"ನಾನ ತಗೊಂಡು ಬಚ್ಚಲ ಒಲ್ಯಾಗ ಹಾಕೇನಿ."

ಬುಟ್ಟಿಯ ಒಂದೊಂದೇ ಸಾಮಾನನ್ನು ಎತ್ತಿ ತೋರಿಸಿ ವಿಚಾರಣೆ ಮಾಡಿದರು. ಲಿಂಬಿಹಣ್ಣು ಯಾಕೆ? ಬಣ್ಣ ತಿಳಿಯಾಗಲು. ಪಟಿಕ ಯಾಕೆ? ಬಣ್ಣ ಹಿಡಿದು ನಿಲ್ಲಲು. ಸತ್ತ ಹೂವೇ ಯಾಕೆ ಬೇಕು? ತಾಜಾ ಹೂವು ದೇವರಿಗೆ ಏರಿಸಿ ಮುಗಿದ ಮೇಲೆ ಉಳಿಯುವುದು ಅದೇ ಅಲ್ಲವೇ ಎಂದೆ. ಕೊನೆಗೆ, "ಇದು ಖರೇ ಉಣ್ಣಿ ಹೌದೋ ಪ್ಲಾಸ್ಟಿಕ್ಕೋ? ಒಂದ ಎಳಿ ತಾ," ಎಂದರು. ಕಡ್ಡಿ ಗೀರಿ ಸುಟ್ಟು, ಮೂಗಿನ ಹತ್ತಿರ ಹಿಡಿದರು.

"ಕೂದಲಾ ಸುಟ್ಟಂಗ ನಾರತೈತಿ. ಉಣ್ಣಿ ಖರೇ ಐತಿ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇನ್ನ ನೀ ಒಬ್ಬಾಕಿ ಉಳದಿ."

ಹೆಣೆಯಲು ಒಪ್ಪಿದರು, ಷರತ್ತು ಮಾತ್ರ ಅವರದೇ. ದಾರ ಹಿಡಿಯಬಾರದು, ಗೇಣು ಹಾಕಬಾರದು. ಅವ್ವ ಕಲಿಸಿದ್ದು ಮೇಲಿನ ಅಂಚಿನಿಂದ ಶುರುಮಾಡಿ ಕೆಳಗಿಳಿಯುವ ಹೆಣಿಗೆ. ಅದಕ್ಕೆ ಮೊದಲೇ ಅಳತೆ ಬೇಕು. ನಾನು ಕಾಲ್ಬೆರಳ ತುದಿಯಿಂದ ಶುರುಮಾಡಿದೆ. ಒಂದಿಷ್ಟು ಹೆಣೆದು, ಕಡ್ಡಿಗಳ ಸಮೇತ ಅವರ ಕಾಲಿಗೆ ಏರಿಸಿ ನೋಡುವುದು, ಬಿಗಿಯಾದರೆ ಬಿಚ್ಚುವುದು, ಮತ್ತೆ ಹೆಣೆಯುವುದು. ದಿನಾ ಮಧ್ಯಾಹ್ನ ಅವರ ಎಡಗಾಲು ನನ್ನ ತೊಡೆಯ ಮೇಲೆ, ಅವರ ಕಣ್ಣು ನನ್ನ ಬೆರಳುಗಳ ಮೇಲೆ. ನಾನು ಸ್ವಲ್ಪ ಹೆಚ್ಚು ಹೊತ್ತು ಪಾದ ನೋಡಿದರೆ, "ಕಣ್ಣಿಲೆ ಅಳ್ಯಾಕತ್ತೀ ಏನ?" ಎಂದು ಗದರುತ್ತಿದ್ದರು.

"ಎಡಗಾಲ ಯಾಕ ಕೊಟ್ಟೀ ಯಕ್ಕಾ?" ಎಂದು ಕಾಕು ಕೇಳಿದರು.

"ಏನರ ಆದ್ರ ಬಲಗಾಲರ ಉಳೀಲಿ ಅಂತ."

ಹಿಮ್ಮಡಿಯನ್ನು ನಾಲ್ಕಾರು ಸಲ ಬಿಚ್ಚಿ ಹೆಣೆದೆ. ಅಲ್ಲಿ ಒಂದು ಸುಕ್ಕೂ ಇರಬಾರದು, ಬಿಗಿಯೂ ಆಗಬಾರದು. ಕೇಸರಿ, ಹಳದಿ, ದಾಳಿಂಬೆ ಸಿಪ್ಪೆಯ ಮಬ್ಬು ಹಸಿರು, ಪಟ್ಟೆ ಪಟ್ಟೆಯಾಗಿ ಒಂದು ಕಾಲುಚೀಲ ತಯಾರಾಯಿತು. ಅತ್ತೆ ಅದನ್ನು ಒಳಗುಹೊರಗು ಮಾಡಿ, ಏನಾದರೂ ಅಡಗಿಸಿದ್ದೇನೆಯೋ ಎಂದು ಎಳೆ ಎಳೆಯನ್ನೂ ಬೆರಳಾಡಿಸಿ ನೋಡಿದರು. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ಬಣ್ಣ ಬಿಡುತ್ತದೆಯೇ ಎಂದು ನೋಡಿದರು. ಬಿಡಲಿಲ್ಲ. ಆಮೇಲೆ ಹಾಕಿಕೊಂಡರು, ಅದೊಂದನ್ನೇ. ಎಷ್ಟೋ ದಿನ ಮನೆಯಲ್ಲಿ ಅವರ ಬಲಗಾಲಿನ ಸಪ್ಪಳ ಮಾತ್ರ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದವರು, ನನ್ನ ಕಡೆ ನೋಡದೆ, "ಬಲಗಾಲಿಂದು ಎಂದ ಮುಗಸಾಕಿ?" ಎಂದರು. ಅದನ್ನೂ ಮುಗಿಸಿಕೊಟ್ಟೆ. ಎರಡೂ ಹಿಮ್ಮಡಿಯ ಒಡಕು ಕೂಡಿಕೊಂಡಿತು, ಕುಂಟುವುದು ನಿಂತಿತು. ಆದರೆ ನನ್ನ ಕೈಯ ಊಟದ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಯುಗಾದಿಗೆ ನನ್ನ ಗಂಡ ನನ್ನನ್ನು ಧಾರವಾಡಕ್ಕೆ ಬಿಟ್ಟು ಹೋದ. ಕರೆಯಲು ಯಾವಾಗ ಬರುತ್ತೇನೆಂದು ಹೇಳಲಿಲ್ಲ. ಬಾಗಿಲಾಚೆಯಿಂದ ಕೇಳಿದ ಮಾತು ನನಗೆ ನೆನಪಿತ್ತು, ಅವ್ವನಿಗೆ ಹೇಳಿರಲಿಲ್ಲ. ಹಬ್ಬ ಕಳೆಯಿತು, ಸಂತೆಗಳು ಕಳೆದವು, ಯಾರೂ ಬರಲಿಲ್ಲ. ಅವ್ವ ನನ್ನ ಮುಖ ನೋಡತೊಡಗಿದ್ದಳು.

ಸೊಸೆಯನ್ನು ಕರೆಯಲು ಗಂಡಸರು ಬರುವುದು ರೂಢಿ. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಅತ್ತೆ ಒಬ್ಬರೇ ನಿಂತಿದ್ದರು. ಹುಬ್ಬಳ್ಳಿಯಿಂದ ಬಸ್ಸು ಹತ್ತಿ, ದಾರಿ ಕೇಳಿಕೊಂಡು ಬಂದಿದ್ದರು.

"ಊಟಾ ಮಾಡ್ರಿ, ಬೀಗರ," ಎಂದಳು ಅವ್ವ.

"ಆಕೀ ನೀಡಲಿ," ಎಂದರು ಅತ್ತೆ.

ನಾನು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ನೀಡಿದೆ. ಉಂಡರು. ಬಿಸಿಲು ಇಳಿದ ಮೇಲೆ ಇಬ್ಬರೂ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು.