ಹೀರಾಬಾಯಿಯ ಟಿಕೀಟು

ಆಳಂದ–ಮಾದನಹಿಪ್ಪರಗಾ ಬಸ್ಸಿನ ಕಂಡಕ್ಟರ್ ಲಾಡ್ಲೆಸಾಬರು ಟಿಕೀಟು ಹರಿಯುವ ಮೊದಲು ಅದರ ನಂಬರನ್ನು ಬಾಯಲ್ಲೇ ಭಾಗಿಸುತ್ತಿದ್ದರು. 'ನಿಮ್ದು ಏಳರಾಗ ಹೋಗತದ, ಕೂಡ್ರಿ. ನಿಮ್ದು ಹದಿಮೂರರ ಮಗ್ಗಿರಿ, ಒಳಗ ಸರೀರಿ' ಎನ್ನುತ್ತ ಸೀಟಿ ಊದುವರು. ಬಸ್ಸು ಗುಂಡಿಗೆ ಬಿದ್ದರೂ ಅವರ ಲೆಕ್ಕ ಅಲುಗುತ್ತಿರಲಿಲ್ಲ. ಅವರನ್ನು ಹುಚ್ಚ ಅಂದವರೆಲ್ಲ ಗಣಿತದಲ್ಲಿ ಫೇಲಾದವರೇ. ಯಾವ ಮಗ್ಗಿಗೂ ಸಿಗದ ನಂಬರು ಬಂದರೆ ಅತ್ತರಿನ ಶೀಶೆ ಕೊಟ್ಟ ಹಾಗೆ ಎರಡೇ ಬೆರಳಲ್ಲಿ ಹಿಡಿದು ಕೊಡುವರು. ಒಂದು ದಿನ ೫೧೦೫೧೦ ಬಂತು. 'ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು, ಎಲ್ಲಾದ್ರಾಗೂ ಹೋಗತದ್ರಿ!' ಎಂದು ಇಡೀ ಬಸ್ಸಿಗೆ ಸಾರಿದರು. ಮುಂದಿನದು ಹೀರಾಬಾಯಿಯ ಟಿಕೀಟು. 'ನಿಂದು ಒಂದು ಹೆಚ್ಚದ ಅವ್ವ. ಎಲ್ಲಾದ್ರಾಗೂ ಒಂದು ಉಳೀತದ, ಇದು ಭಾಗ ಆಗಂಗೇ ಇಲ್ಲ' ಎಂದರು. ಇಬ್ಬರು ಗಂಡುಮಕ್ಕಳು ಮನೆಯಲ್ಲಿ ಪಾಲು ಕೇಳುತ್ತಿದ್ದ ಆ ತಾಯಿ ಟಿಕೀಟನ್ನು ದೇವರ ಜಗಲಿಯ ಮೇಲಿಟ್ಟಳು. ವಾರದ ಮೇಲೆ, ತಮ್ಮ ರಜೆಯ ದಿನ, ಲಾಡ್ಲೆಸಾಬರು ಅವಳ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. 'ತಪ್ಪಾತವ್ವ. ಅದು ಹತ್ತೊಂಬತ್ತರಾಗ ಹೋಗತದ.' ಹೀರಾಬಾಯಿ ಕೇಳಿದಳು: 'ಎರಡರಾಗ?' 'ಇಲ್ಲವ್ವ.' 'ನನಗ ಗಂಡುಮಕ್ಕಳು ಇಬ್ಬರೇ ಅದಾರ್ರಿ. ಅದು ಅಲ್ಲೇ ಇರ್ಲಿ.'