ಬಂಡೆಗೂ ಒಂದು ಸಾಲು

ಎದುರು ಸೈಟಿನಲ್ಲಿ ಹೊಸ ಮನೆ ಏಳುತ್ತಿದೆ. ಸಿಮೆಂಟ್ ಕಂಬಗಳಿಗೆ ಗೋಣಿಚೀಲ ಸುತ್ತಿ ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತಾರೆ. ಈಗ ಅಕ್ಕಿ, ಬೂಸ ಎಲ್ಲವೂ ಪ್ಲಾಸ್ಟಿಕ್ ಚೀಲದಲ್ಲೇ ಬರುವುದರಿಂದ ನೆಂದ ಗೋಣಿಯ ವಾಸನೆ ನನಗೆ ಮರೆತೇ ಹೋಗಿತ್ತು. ಮೊನ್ನೆ ಕಿಟಕಿ ತೆಗೆದದ್ದೇ ತಡ, ಮೂಗಿಗೆ ಬಡಿಯಿತು. ಕೂಡಲೇ ನಾನು ಮತ್ತೆ ಬಂಡೆಯಾದೆ...

ಬಂಡೆ ಎಂದರೆ ಬೈಗುಳವಲ್ಲ, ನನ್ನ ಪಾತ್ರ. ತಿ. ನರಸೀಪುರದಲ್ಲಿ ಏಳನೇ ಕ್ಲಾಸು ಓದುವಾಗ ನಮ್ಮಿಂದ ಒಂದು ಗೀತನಾಟಕ ಮಾಡಿಸಿದರು. ಕಪಿಲೆ ಹರಿದು ಬಂದು ಕಾವೇರಿಯನ್ನು ಸೇರುವ ಕತೆ. ಮಾತೇ ಇಲ್ಲ, ಎಲ್ಲವೂ ಹಾಡು. ಕಲಿಸಲು ಬಂದವರು ಹೆಮ್ಮಿಗೆಯ ಹಾರ್ಮೋನಿಯಂ ಮೇಷ್ಟ್ರು. ಊರೂರು ತಿರುಗಿ ರೈತರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದವರು, ಮೊದಲ ಸಲ ಮಕ್ಕಳ ಕೈಗೆ ಸಿಕ್ಕಿಬಿದ್ದಿದ್ದರು.

ನನಗೋ ಹಾಡು ಹತ್ತಿರವೂ ಸುಳಿದದ್ದಿಲ್ಲ. ಪ್ರಾರ್ಥನೆಗೆ ನಿಂತರೆ 'ಬರೀ ತುಟಿ ಆಡಿಸು' ಅಂತ ಟೀಚರು ನನ್ನನ್ನು ಹಿಂದಕ್ಕೆ ಕಳಿಸುತ್ತಿದ್ದರು. 'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಅಂತ ಅಮ್ಮ ಸಮಾಧಾನ ಹೇಳುತ್ತಿದ್ದಳು. ಹಾಡ್ತಾ ಹಾಡ್ತಾ ನೆರೆಮನೆಯವರಿಗೆ ತಲೆನೋವು ಬಂತೇ ಹೊರತು ನನಗೆ ರಾಗ ಬರಲಿಲ್ಲ. ಹಾಗಾಗಿ ಕಪ್ಪು ಬಣ್ಣ ಬಳಿದ ಗೋಣಿ ಹೊದ್ದು ನದಿಯ ನಡುವೆ ಕೂರುವ ಪಾತ್ರ ಸಿಕ್ಕಾಗ ಬದುಕಿದೆ ಅಂದುಕೊಂಡೆ. ಆದರೆ ಮೇಷ್ಟ್ರು ಬಂಡೆಗೂ ಒಂದು ಸಾಲು ಇಟ್ಟಿದ್ದರು. ಕಪಿಲೆಯಾದ ಹುಡುಗಿಯರು "ದಾರಿ ಬಿಡು ಬಂಡೆ, ಅಕ್ಕ ಕಾದಿಹಳು ಮುಂದೆ" ಅಂತ ಹಾಡಿದರೆ, ನಾನು "ಏಳಲಾರೆ ತಾಯೀ, ನಾನೇಳಲಾರೆ" ಅನ್ನಬೇಕು.

ಅಭ್ಯಾಸದಲ್ಲಿ ನನ್ನ ಸಾಲು ಬಂದಾಗಲೆಲ್ಲ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಒಂದು ದಿನ ಅತ್ತೇಬಿಟ್ಟೆ. "ನನ್ನ ಬುಟ್ಬುಡಿ ಸಾ" ಅಂದೆ. ಮೇಷ್ಟ್ರ ಎಡಗೈ ಹಾರ್ಮೋನಿಯಂನ ತಿದಿ ಒತ್ತುತ್ತಲೇ ಇತ್ತು.

"ಯಾಕವ್ವ ಅಳ್ತೀಯೆ? ನಿನ್ ಗಂಟ್ಲು ಎಲ್ಲದೋ ಅಲ್ಗೇ ನನ್ ಪೆಟ್ಗೆ ಬತ್ತದೆ. ನೀ ಹಾಡು."

ನಾಟಕವಾದದ್ದು ನಾನೀಗಿರುವ ಇದೇ ನಂಜನಗೂಡಿನ ಒಂದು ಶಾಲೆಯಲ್ಲಿ. ಗೋಣಿಗೆ ಬಳಿದ ಬಣ್ಣ ಇನ್ನೂ ಹಸಿಯಾಗಿತ್ತು, ಒಳಗೆ ಉಸಿರು ಕಟ್ಟುತ್ತಿತ್ತು. ನನ್ನ ಸಾಲು ಬಂತು. ಬಾಯಿ ತೆರೆದೆ, ಸ್ವರ ಎಲ್ಲಿಗೋ ಬಿತ್ತು. ಮೇಷ್ಟ್ರ ಬಲಗೈ ಬೆರಳುಗಳು ಹಾರ್ಮೋನಿಯಂನ ಮನೆಯಿಂದ ಮನೆಗೆ ಓಡಿ, ಹುಡುಕಿ, ನನ್ನ ಗಂಟಲಿದ್ದ ಕಡೆಗೇ ಬಂದು ನಿಂತವು. ಬಂಡೆ ಬೇಕೆಂದೇ ಹಾಗೆ ಹಾಡಿತೆಂದು ಕೇಳುವವರು ನಂಬಿದರು. ಯಾರೂ ನಗಲಿಲ್ಲ. ಜೀವಮಾನದಲ್ಲಿ ನಾನು ಶ್ರುತಿ ಸೇರಿ ಹಾಡಿದ್ದು ಅದೊಂದೇ ಸಾಲು, ಅದೂ ಶ್ರುತಿಯೇ ನನ್ನ ಹತ್ತಿರ ಬಂದದ್ದರಿಂದ.

ಎಷ್ಟೋ ವರ್ಷಗಳ ಮೇಲೆ, ಮೇಷ್ಟ್ರಿಗೆ ಲಕ್ವ ಹೊಡೆದಿದೆ ಅಂತ ತಿಳಿದು ಹೆಮ್ಮಿಗೆಗೆ ಹೋದೆ. ಬಲಗೈ ಸ್ವಾಧೀನ ತಪ್ಪಿತ್ತು, ಮಾತು ನಿಂತುಹೋಗಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಮಾತು ಒಂದೂ ಬರಕಿಲ್ಲ ಕಣವ್ವ. ಹಾಡು ಮಾತ್ರ ಬತ್ತದೆ. ಜೊತೇಲಿ ಹಾಡೋರಿದ್ರೆ ಹಂಗೇ ಮಾತೂ ತಿರುಗ್ಬೋದು ಅಂದ್ರು ಡಾಕ್ಟ್ರು. ನೀನು ಅವ್ರ್ ನಾಟಕ್ದಲ್ಲಿದ್ದೋಳಲ್ವಾ, ಹಾಡವ್ವ. ನನ್ನ ಒಂದ್ಸಲ ಕೂಗ್ಲಿ, ಸಾಕು."

ಯಾರನ್ನು ಕೇಳುತ್ತಿದ್ದೀರಿ ತಾಯಿ, ಅನ್ನಿಸಿತು. ಅಷ್ಟು ಜನ ಹಾಡುವ ಮಕ್ಕಳಿದ್ದ ನಾಟಕದಿಂದ ಅವತ್ತು ಅಲ್ಲಿಗೆ ಬಂದಿದ್ದವಳು ಹಾಡು ಬಾರದ ನಾನೊಬ್ಬಳೇ.

ಮೇಷ್ಟ್ರು ಗುರುತು ಹಿಡಿದರು. ಸೊಟ್ಟಗಾದ ತುಟಿಯಲ್ಲೇ ಹಾಡು ಹೊರಟಿತು. "ದಾರಿ ಬಿಡು ಬಂಡೆ..." ಅಷ್ಟು ಹಾಡಿ ನನ್ನ ಮುಖ ನೋಡಿದರು. "ಏಳಲಾರೆ ತಾಯೀ" ಅಂದೆ. ಅವರ ಹುಬ್ಬು ಗಂಟಾಯಿತು. ಎಡಗೈ ಕಂಬಳಿಯ ಮೇಲೆ ತಿದಿ ಒತ್ತತೊಡಗಿತು, ಒಂದೇ ಸಮ. ಸ್ವರ ಹುಡುಕಬೇಕಾದ ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಮತ್ತೆ ಹಾಡಿದರು, ಮತ್ತೆ ಹಾಡಿದೆ. ಪ್ರತಿ ಸಲವೂ ನನ್ನ ಅಪಸ್ವರ ಅವರ ಎಳೆಯನ್ನು ಕಡಿಯುತ್ತಿತ್ತು. ಅವರ ಸ್ವರವಿದ್ದ ಕಡೆಗೆ ಹೋಗಲು ಎಷ್ಟು ಒದ್ದಾಡಿದರೂ ನನ್ನ ಕೈಲಾಗಲಿಲ್ಲ. ಕೊನೆಗೆ ಅವರು ಬಾಯಿ ಮುಚ್ಚಿ ಗೋಡೆ ಕಡೆ ತಿರುಗಿದರು.

"ಸಾಕು ಬುಡವ್ವ, ಕಾಪಿ ಕುಡಿ" ಅಂದರು ಅವರ ಹೆಂಡತಿ. ನನ್ನ ಮೇಲೆ ಅವರಿಗೆ ಒಂದಿಷ್ಟೂ ಕೋಪವಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಆ ಆಷಾಢದಲ್ಲಿ ಮೇಷ್ಟ್ರು ಹೋದರು. ಕೊನೆವರೆಗೂ ಹೆಂಡತಿಯನ್ನು ಕೂಗಲಿಲ್ಲವಂತೆ...

ಎದುರು ಕಂಬಗಳಿಗೆ ಇವತ್ತೂ ನೀರು ಹೊಡೆದರು. ಪಾತ್ರೆ ತೊಳೆಯುತ್ತಿದ್ದ ನನ್ನ ಬಾಯಿಗೆ ಆ ಸಾಲು ಬಂತು. "ಏಳಲಾರೆ ತಾಯೀ..." ಎಂದಿನಂತೆ ದಾರಿ ತಪ್ಪಿತು. ಒಂದು ಗಳಿಗೆ ಪಾತ್ರೆ ಹಿಡಿದುಕೊಂಡೇ ಕಾದೆ. ನಾನಿದ್ದ ಕಡೆಗೆ ಯಾವ ಸ್ವರವೂ ಬರಲಿಲ್ಲ.